ಅಡ್ಡಗೋಲಿನ ಹತ್ತನೇ ಜಾಗ

"ಕಾಲು ಹಿಡಿ ಅಂದ್ರೆ ಕತ್ತು ಹಿಡೀತೀಯಲ್ಲೋ! ಅದೇನು ಬಾಗಿಲ ಹಿಡಿಕೆ ಅಂದ್ಕೊಂಡ್ಯಾ?"

ಬೆರಳಜ್ಜಿ ಬೀಗ ರಿಪೇರಿಯ ಬೀಗದವನ ಕೈಯಿಂದ ಕೋಳಿಯನ್ನು ಕಿತ್ತುಕೊಂಡು ತೊಡೆಯ ಮೇಲೆ ಬೋರಲು ಮಲಗಿಸಿದಳು. ಅಲ್ಲಿಯವರೆಗೆ ಪ್ರಾಣ ಹೋಗುವಂತೆ ಅರಚುತ್ತಿದ್ದ ಕೋಳಿ, ಅವಳ ಅಂಗೈ ಬೆನ್ನಿಗೆ ತಾಕಿದ್ದೇ ತಡ, ತೆಪ್ಪಗಾಯಿತು.

ದರ್ಜಿ ಅಕ್ಕನ ಹಿತ್ತಲು. ಮಧ್ಯಾಹ್ನ ಮೂರೂವರೆ. ಐದು ಗಂಟೆಗೆ ಠಾಣೆಯಿಂದ ದೊಡ್ಡ ಜೈಲಿಗೆ ವ್ಯಾನು ಹೊರಡುತ್ತದೆ. ಅಕ್ಕನ ತಮ್ಮ ಅದನ್ನು ಹತ್ತಬೇಕೋ ಬೇಡವೋ ಎಂಬುದನ್ನು ಈಗ ಈ ಮುದುಕಿಯ ಬೆರಳುಗಳು ಹೇಳಬೇಕಿತ್ತು.

ಮಂಗಳವಾರ ನಸುಕಿನಲ್ಲಿ ಪಕ್ಕದ ಮನೆಯ ಔಷಧಿ ಅಂಗಡಿ ಯಜಮಾನ ತನ್ನ ಹಿತ್ತಲ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಬಿದ್ದಿದ್ದ; ಇನ್ನೂ ಪ್ರಜ್ಞೆ ಬಂದಿರಲಿಲ್ಲ. "ಹುಂಜ ಕೂಗಿತು, ಎಚ್ಚರವಾಯಿತು, ಕಿಟಕಿ ತೆಗೆದೆ, ದರ್ಜಿಯ ತಮ್ಮ ಗೋಡೆ ಹಾರಿ ಈ ಕಡೆಗೆ ಬಂದ" ಎಂದು ಹಿಂದಿನ ಮನೆಯ ಹೆಡ್‌ಮೇಷ್ಟ್ರು ಸಾಕ್ಷಿ ಹೇಳಿದ್ದರು.

"ಯಾವ ಹುಂಜ?" ಎಂದು ಕೇಳಿದ್ದಳು ದರ್ಜಿ ಅಕ್ಕ. "ನಮ್ಮ ಹಿತ್ತಲಲ್ಲಿ ಹುಂಜವೇ ಇಲ್ಲ. ಇರೋ ಒಂಬತ್ತೂ ಹೇಂಟೆ."

ಇರುವಂತೆಯೂ ಇರಲಿಲ್ಲ. ಬೀದಿಯ ತಿರುವಿನಲ್ಲೇ ನಗರಸಭೆಯ ತಗಡಿನ ಬೋರ್ಡು ಹೊಡೆದಿತ್ತು: ಮನೆಗೆ ಹತ್ತು ಕೋಳಿ ಸಾಕಬಹುದು, ಹುಂಜ ಒಂದೂ ಕೂಡದು, ಸಿಕ್ಕಿದರೆ ಎಲ್ಲವನ್ನೂ ಒಯ್ಯಲಾಗುವುದು. ಬೀದಿಯ ಚರಂಡಿ ಕಟ್ಟಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೆ ಬೋರ್ಡು ಇರಲಿಲ್ಲ.

ಇನ್ಸ್‌ಪೆಕ್ಟರು ಒಂದೇ ಮಾತು ಹೇಳಿದ್ದರು. ತಿಳಿದವರು ಯಾರಾದರೂ ಎಲ್ಲವೂ ಹೇಂಟೆ ಎಂದು ಬರೆದುಕೊಟ್ಟರೆ ಮೇಷ್ಟ್ರ ಸಾಕ್ಷಿಯನ್ನು ಮತ್ತೆ ನೋಡುತ್ತೇನೆ. ಇಲ್ಲವಾದರೆ ಐದು ಗಂಟೆ ವ್ಯಾನು.

ತಿಳಿದವರು ಎಂದರೆ ಈ ಊರಿನಲ್ಲಿ ಒಬ್ಬಳೇ. ಮರಿ ಮಾಡಿಸುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಕೂತು, ಮೊಟ್ಟೆಯೊಡೆದು ಬಂದ ಒಂದು ದಿನದ ಮರಿಗಳನ್ನು ಎಡಗಡೆ ಬುಟ್ಟಿಗೆ ಹೆಣ್ಣು, ಬಲಗಡೆ ಬುಟ್ಟಿಗೆ ಗಂಡು ಎಂದು ಎಸೆದವಳು. ಗಂಟೆಗೆ ಸಾವಿರ ಮರಿ. ಕಣ್ಣಿಗೆ ಪೊರೆ ಬಂದ ಮೇಲೆ ಕಾರ್ಖಾನೆಯವರು ಕೈಗೊಂದು ಶಾಲು ಕೊಟ್ಟು ಗೇಟಿನ ಹೊರಗೆ ಬಿಟ್ಟರು. ಬೆರಳಜ್ಜಿ ಎಂಬ ಹೆಸರು ಮಾತ್ರ ಉಳಿಯಿತು. ಅಕ್ಕನ ಈ ಕೋಳಿಗಳನ್ನು ಹನ್ನೆರಡು ವಾರದ ಹಿಂದೆ ಮರಿಯಾಗಿದ್ದಾಗ ಆರಿಸಿ ಕೊಟ್ಟವಳೂ ಅವಳೇ.

"ಕೊಟ್ಟ ಮೇಲೆ ಈ ಕಡೆ ತಲೆ ಹಾಕೇ ಇಲ್ಲ ನಾನು," ಎನ್ನುತ್ತ ಬಂದಿದ್ದಳು. "ಎಲ್ಲಿದೆ ಗೂಡು? ಕೋಳಿ ಸದ್ದು ಕೇಳ್ತಿದೆ ಬಿಡು, ಗೊತ್ತಾಯ್ತು." ಸೀದಾ ಹೋಗಿ ಚಿಲಕ ಮೇಲೆತ್ತಿ, ಎಡಕ್ಕೆ ಒತ್ತಿ, ಬಾಗಿಲು ತೆಗೆದು ಮೊದಲ ಕೋಳಿಯನ್ನು ತಾನೇ ಹಿಡಿದು ತಂದಿದ್ದಳು. ಅದೇ ಚಿಲಕದ ಜೊತೆ ಕಾಲು ಗಂಟೆ ಗುದ್ದಾಡಿ ಬೆರಳು ಸಿಗಿಸಿಕೊಂಡಿದ್ದ ಪೇದೆ ಅವಮಾನದಿಂದ ಆಕಾಶ ನೋಡಿದ್ದ.

ಆ ಪೇದೆ ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಣಕಾಲ ಮೇಲೆ ರಟ್ಟು ಇಟ್ಟುಕೊಂಡಿದ್ದ. ಪಟ್ಟಿ ಬರೆಯುವುದೆಂದರೆ ಅವನಿಗೆ ಪ್ರಾಣ.

"ಕೋಳಿ ಒಂಬತ್ತು," ಎಂದು ಓದಿದ. "ಏಣಿ ಒಂದು. ಬಕೆಟ್ಟು ಒಂದು, ತೂತು. ಮಂಗಳವಾರವೇ ವಶಪಡಿಸಿಕೊಂಡಿದ್ದು: ಆರೋಪಿಯ ಬೇಕರಿ ಕೋಟು, ಕಂದು ಬಣ್ಣ, ಹಿತ್ತಲ ಬಾಗಿಲ ಮೊಳೆಯಲ್ಲಿ ನೇತಾಡುತ್ತಿದ್ದದ್ದು, ಗುಂಡಿಗಳು ಎಂಟು, ಎಲ್ಲವೂ ಗಟ್ಟಿಯಾಗಿವೆ."

"ಗುಂಡಿ ಎಣಿಸಿದ್ದೀರಲ್ಲ ಸಾರ್, ಗೋಡೆ ಮೇಲಿನ ಕಾಲಿನ ಗುರುತು ನೋಡಿದ್ರಾ?" ಎಂದ ಬೀಗದವನು.

"ಅದು ನನ್ನ ಪಟ್ಟೀಲಿ ಬರಲ್ಲ."

ಬೀಗದವನು ಹಲ್ಲು ಕಚ್ಚಿದ. ಜೈಲಿಗೆ ಹೋಗುವವನು ಅವನ ಗೆಳೆಯ. ಬೆಳಿಗ್ಗೆ ಆರಕ್ಕೆ ಒಲೆ ಮುಂದೆ ನಿಂತು ಊರಿಗೆಲ್ಲ ಬ್ರೆಡ್ಡು ಬೇಯಿಸುವವನು. ಮಂಗಳವಾರ ಅವನು ಹಾಸಿಗೆಯಿಂದ ಎದ್ದಿದ್ದೇ ಐದೂಮುಕ್ಕಾಲಿಗೆ. ಆದರೆ ಹಾಸಿಗೆ ಸಾಕ್ಷಿ ಹೇಳುವುದಿಲ್ಲ. ಹೆಡ್‌ಮೇಷ್ಟ್ರು ಹೇಳುತ್ತಾರೆ. ಅವರು ಹೇಳಿದರೆ ಪೊಲೀಸರು ಎದ್ದು ನಿಂತು ಬರೆದುಕೊಳ್ಳುತ್ತಾರೆ.

ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಲೇ ಇತ್ತು. ನಾಳೆಗೆ ನಲವತ್ತು ನರ್ಸ್ ಕೋಟು ಕೊಡಬೇಕು ಎಂದು ಅಕ್ಕ ಕಿಟಕಿಯ ಪಕ್ಕ ತಲೆಬಗ್ಗಿಸಿ ಕೂತಿದ್ದಳು. ತಮ್ಮ ಠಾಣೆಯಲ್ಲಿರುವಾಗ ಅವಳು ಹೊಲಿಯುತ್ತಿರುವುದು ಪೇದೆಗೆ ಕಲ್ಲುಮನಸ್ಸಿನಂತೆ ಕಾಣುತ್ತಿತ್ತು. ಕೈ ನಿಂತರೆ ಅವಳು ಅಳುತ್ತಾಳೆ ಎಂದು ಬೀಗದವನಿಗೆ ಗೊತ್ತಿತ್ತು.

"ಇದು ಹೇಂಟೆ," ಎಂದಳು ಅಜ್ಜಿ ತೊಡೆಯ ಮೇಲಿನ ಕೋಳಿಯನ್ನು ಕೆಳಗೆ ಬಿಟ್ಟು. "ಇನ್ನೊಂದು ತಾ."

"ಹೆಂಗೆ ಗೊತ್ತಾಯ್ತು? ಸರಿಯಾಗಿ ಹೇಳ್ಬೇಕು, ಬರೀಬೇಕು ನಾನು," ಎಂದ ಪೇದೆ.

"ಬಾ ಇಲ್ಲಿ. ಕೈ ಕೊಡು." ಅಜ್ಜಿ ಪೇದೆಯ ಬೆರಳು ಹಿಡಿದು ಮುಂದಿನ ಕೋಳಿಯ ಬೆನ್ನ ಮೇಲೆ, ಬಾಲ ಶುರುವಾಗುವ ಕಡೆ ಇಟ್ಟಳು. "ಇಲ್ಲಿನ ಗರಿ ನೋಡು. ತುದಿ ಗುಂಡಗಿದೆಯಾ?"

"ಗುಂಡಗಿದೆ."

"ಗುಂಡಗಿದ್ರೆ ಹೆಣ್ಣು. ಗಂಡಾಗಿದ್ರೆ ಈ ಹನ್ನೆರಡು ವಾರಕ್ಕೆ ಇಲ್ಲಿ ಸಣ್ಣಕ್ಕೆ, ಉದ್ದಕ್ಕೆ, ಚೂಪಾದ ಗರಿ ಇಳಿಬಿದ್ದಿರುತ್ತೆ. ಎಣ್ಣೆ ಹಚ್ಚಿದ ಹಾಗೆ ಮಿರಮಿರ ಅಂತಿರುತ್ತೆ. ಜುಟ್ಟು ನೋಡು. ಸಣ್ಣದು, ಬಿಳಚಿಕೊಂಡಿದೆ ತಾನೇ? ಗಂಡಿನದಾದ್ರೆ ಆರು ವಾರಕ್ಕೇ ಕೆಂಪಾಗಿ ಮೆರೀತಿರುತ್ತೆ. ಕಾಲು ಹಿಡಿದು ನೋಡು. ಪೆನ್ಸಿಲ್ಲು. ಗಂಡಿನ ಕಾಲು ಮೇಜಿನ ಕಾಲು."

"ನಮ್ಮತ್ತೆ ದಾರಕ್ಕೆ ಉಂಗುರ ಕಟ್ಟಿ ಕೋಳಿ ತಲೆ ಮೇಲೆ ತೂಗಾಡಿಸ್ತಿದ್ರು," ಎಂದ ಪೇದೆ. "ದುಂಡಗೆ ತಿರುಗಿದ್ರೆ ಹೆಣ್ಣು."

"ನಿಮ್ಮತ್ತೆಗೆ ಕೈ ನಡುಕ ಇತ್ತೇನಪ್ಪಾ ಪೊಲೀಸಪ್ಪ?"

ಒಂದಾದ ಮೇಲೊಂದು ಬಂದವು. ಹೆಣ್ಣು. ಹೆಣ್ಣು. ಹೆಣ್ಣು. ಎಂಟಾದವು. ಒಂಬತ್ತನೆಯದನ್ನು ಪೇದೆ ತಾನೇ ಬುಟ್ಟಿಯ ಕೆಳಗಿಂದ ತಂದ. ಅದರ ಕಾಲಿಗೆ ಕೆಂಪು ದಾರ ಕಟ್ಟಿ, ದಾರಕ್ಕೊಂದು ಚೀಟಿ ಅಂಟಿಸಿದ್ದ: ಹುಂಜ, ಒಂದು.

"ಇದಕ್ಕೇನು ಹೇಳ್ತೀರಿ?" ಎಂದು ಎದೆಯುಬ್ಬಿಸಿದ. "ಕಾಳು ಹಾಕಿದ್ರೆ ಮಿಕ್ಕವನ್ನೆಲ್ಲ ಕುಕ್ಕಿ ಓಡಿಸುತ್ತೆ. ಎದೆ ಸೆಟೆಸಿ ನಡೆಯುತ್ತೆ. ಜುಟ್ಟು ಬೇರೆ ಎಲ್ಲಕ್ಕಿಂತ ದೊಡ್ಡದು. ನಿಮ್ಮ ಅಕ್ಕನವರೇ ಇದನ್ನ ದೊರೆ ಅಂತ ಕರೀತಾರೆ."

ದೊರೆ ಅವನ ಕೈಗಡಿಯಾರವನ್ನು ಕುಕ್ಕಿತು.

ಇದೇ ಬೀಗದವನಿಗೆ ಮೂರು ದಿನದಿಂದ ನಿದ್ದೆಗೆಡಿಸಿದ್ದ ಕೋಳಿ. ಇದು ಗಂಡಾಗಿದ್ದರೆ ಮೇಷ್ಟ್ರು ಹೇಳಿದ್ದೇ ಸರಿ. ವ್ಯಾನಿನ ಬಾಗಿಲು ಮುಚ್ಚಿದಂತೆಯೇ.

ಅಜ್ಜಿ ಅವಸರ ಮಾಡಲಿಲ್ಲ. ಕಾಲು ಹಿಡಿದಳು, ಎದೆಮೂಳೆ ಸವರಿದಳು, ಕತ್ತಿನ ಗರಿಗಳನ್ನು ಹಿಂದಕ್ಕೆ ನೀವಿದಳು. ಬೆನ್ನಿನ ಒಂದೊಂದು ಗರಿಯನ್ನೂ ಬೆರಳ ಸಂದಿಯಲ್ಲಿ ಎಳೆದು ಬಿಟ್ಟಳು. ಆಮೇಲೆ ಕೋಳಿಯನ್ನು ನೆಲಕ್ಕಿಳಿಸಿ, "ನಿನ್ನ ಟೋಪಿ ಕೊಡಪ್ಪಾ," ಎಂದು ಪೇದೆಯ ಟೋಪಿಯನ್ನೇ ತೆಗೆದು ಒಂಬತ್ತೂ ಕೋಳಿಗಳ ತಲೆಯ ಮೇಲಿಂದ ಗಿರ್ರನೆ ಬೀಸಿ ಎಸೆದಳು.

ಒಂಬತ್ತೂ ಹದ್ದು ಬಂದಂತೆ ನೆಲಕ್ಕಂಟಿ ಕುಕ್ಕರಿಸಿದವು. ದೊರೆಯೂ ಕೂಡ, ಎಲ್ಲಕ್ಕಿಂತ ಮೊದಲು.

"ಗಂಡಾಗಿದ್ರೆ ಕತ್ತು ನಿಗುರಿಸಿ ನಿಂತು ಗುರ್ ಅಂತ ಎಚ್ಚರಿಕೆ ಕೊಡ್ತಿತ್ತು. ಟೋಪಿ ಆಟ ಒಂದನ್ನೇ ನಂಬಬಾರದು. ಗರಿಯೂ ಅದನ್ನೇ ಹೇಳ್ತಿದೆ, ಕಾಲೂ ಅದನ್ನೇ ಹೇಳ್ತಿದೆ. ಇದು ಜಗಳಗಂಟಿ, ಅಷ್ಟೇ. ಜಗಳ ಆಡೋರೆಲ್ಲ ಗಂಡಸರಾ? ನಮ್ಮ ನಾದಿನಿ ನೋಡ್ಬೇಕು ನೀನು." ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡಳು. "ಬರ್ಕೋ. ಒಂಬತ್ತೂ ಹೇಂಟೆ. ಎಲ್ಲಿ ಹೆಬ್ಬೆಟ್ಟು ಒತ್ತಲಿ?"

ಪೇದೆ ಟೋಪಿಯ ಧೂಳು ಕೊಡವುತ್ತ, ಬಹಳ ದುಃಖದಿಂದ, ದೊರೆಯ ಕಾಲಿನ ಚೀಟಿ ಬಿಚ್ಚಿದ.

ಬೀಗದವನಿಗೆ ಕುಣಿಯಬೇಕೆನಿಸಿತು. ಬದಲಿಗೆ ಎರಡು ಕೋಳಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಗೂಡಿಗೆ ಬಿಡಲು ಹೋದ. ಮೇಷ್ಟ್ರ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಂಡು ನಗುತ್ತಲೇ ಬಗ್ಗಿದ.

ನಗು ಅಲ್ಲೇ ನಿಂತಿತು.

ಗೂಡಿನಲ್ಲಿ ಗೋಡೆಯಿಂದ ಗೋಡೆಗೆ ಒಂದು ಅಡ್ಡಗೋಲು. ರಾತ್ರಿ ಕೋಳಿಗಳು ಅದರ ಮೇಲೆ ಸಾಲಾಗಿ ಕೂತು ಮಲಗುತ್ತವೆ. ಬಸ್ಸಿನಲ್ಲಿ ದಿನಾ ಹೋಗುವವರಂತೆ ಒಂದೊಂದಕ್ಕೂ ಒಂದು ಸೀಟು, ಬದಲಾಯಿಸುವುದಿಲ್ಲ. ಆದ್ದರಿಂದ ಕೆಳಗೆ ಹರಡಿದ ಮರದ ಪುಡಿಯ ಮೇಲೆ ಒಂದೊಂದರ ಹಿಕ್ಕೆಯೂ ಒಂದೊಂದು ಗುಪ್ಪೆಯಾಗಿ ಬಿದ್ದಿತ್ತು.

ಅವನು ಎಣಿಸಿದ. ಮತ್ತೆ ಎಣಿಸಿದ.

ಹತ್ತು.

ಒಂಬತ್ತು ಗುಪ್ಪೆಗಳ ಮೇಲೆ ನಿನ್ನೆ ರಾತ್ರಿಯ ಹಸಿ ಇತ್ತು. ಬಾಗಿಲ ಪಕ್ಕದ ಹತ್ತನೆಯದು ಒಣಗಿ ಬಿರುಕು ಬಿಟ್ಟಿತ್ತು. ಎರಡು ಮೂರು ದಿನದ ಒಣಗು. ಅದರ ಮೇಲ್ಗಡೆ, ಜಾಲರಿಯ ತಂತಿಗೆ ಸಿಕ್ಕಿಕೊಂಡು ಒಂದು ಗರಿ.

ಸಣ್ಣಕ್ಕೆ, ಉದ್ದಕ್ಕೆ. ತುದಿ ಚೂಪು. ಬೆಳಕಿಗೆ ಹಿಡಿದರೆ ಎಣ್ಣೆ ಹಚ್ಚಿದಂತೆ ಮಿರಮಿರ.

"ಏನ್ ಮಾಡ್ತಿದ್ದೀಯ ಒಳಗೆ?" ಎಂದು ಪೇದೆ ಕೂಗಿದ.

"ಕೋಳಿ ಮಲಗಿಸ್ತಿದ್ದೀನಿ ಸಾರ್."

ಗರಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಸುಮ್ಮನಿದ್ದರೆ ಸಾಕು. ಹೆಬ್ಬೆಟ್ಟು ಬೀಳುತ್ತದೆ, ಗೆಳೆಯ ಹೊರಗೆ ಬರುತ್ತಾನೆ, ಮೇಷ್ಟ್ರು ಸುಳ್ಳುಗಾರರಾಗುತ್ತಾರೆ. ಮೂರು ಲಾಭ. ಆದರೆ ಬೀಗ ಬಿಚ್ಚುವವನ ಕೈಗೆ ಒಂದು ಕೆಟ್ಟ ಚಾಳಿ ಇರುತ್ತದೆ. ಒಳಗೆ ಏನೋ ಅಲುಗಾಡಿದ ಸದ್ದು ಕೇಳಿದರೆ, ತೆಗೆದು ನೋಡದೆ ಬಿಡುವುದಿಲ್ಲ.

"ಏನಯ್ಯಾ, ಕೋಳಿ ಪರೀಕ್ಷೆ ಮುಗೀತಾ?"

ಹಿಂದಿನ ಗೋಡೆಯ ಮೇಲೆ ಹೆಡ್‌ಮೇಷ್ಟ್ರ ತಲೆ ಕಾಣಿಸಿತು. ಕೈಯಲ್ಲಿ ಗಿಡಗಳಿಗೆ ನೀರು ಹಾಕುವ ಪೈಪು. ನಿವೃತ್ತರಾಗಿ ಹತ್ತು ವರ್ಷವಾದರೂ ಅಂಗಿಯ ಜೇಬಿನಲ್ಲಿ ಕೆಂಪು ಪೆನ್ನು ಹಾಗೇ ಇತ್ತು.

"ಮುಗೀತು ಸಾರ್. ಒಂಬತ್ತೂ ಹೇಂಟೆ," ಎಂದು ಬೀಗದವನು ಗೋಡೆಯ ಹತ್ತಿರ ಹೋದ. "ನಿಮ್ಮನ್ನ ಎಬ್ಬಿಸಿದ್ದು ಯಾವ ಹುಂಜ?"

"ಇದೇ ಹಿತ್ತಲಿನ ಹುಂಜ. ಭಾನುವಾರವೂ ಕೂಗಿತ್ತು. ಬುಧವಾರ ನಗರಸಭೆಗೆ ದೂರು ಕೊಡೋಣ ಅಂತಿದ್ದೆ."

"ಹೆಂಗೆ ಕೂಗಿತು? ಕೂಗಿ ತೋರಿಸಿ."

ಪೇದೆ ಬಾಯಿ ಮುಚ್ಚಿಕೊಂಡು ನಕ್ಕ. ಮೇಷ್ಟ್ರು ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಪೈಪು ಕೆಳಗಿಟ್ಟು ಯೋಚಿಸಿದರು.

"ದೊಡ್ಡ ಹುಂಜದ ಕೂಗಲ್ಲ ಅದು. ತುಕ್ಕು ಹಿಡಿದ ಕೀಲಿನ ಹಾಗೆ ಕೀರಲು. ಗಂಟಲು ಒಡೆಯೋ ವಯಸ್ಸಿನ ಹುಡುಗರು ಓದೋಕೆ ಎದ್ದು ನಿಂತ್ರೆ ಬರುತ್ತಲ್ಲ, ಆ ಧ್ವನಿ. ಭಾನುವಾರ ಪೂರ್ತಿ ಕೂಗಿತು. ಮಂಗಳವಾರ ಅರ್ಧಕ್ಕೇ ಕಟ್ಟಾಯ್ತು. ಯಾರೋ ಬಾಯಿ ಅದುಮಿದ ಹಾಗೆ."

ಬೀಗದವನ ಜೇಬಿನಲ್ಲಿ ಗರಿ ಚುಚ್ಚಿದಂತಾಯಿತು. ಇದು ಕಟ್ಟಿ ಹೇಳುವ ಮಾತಲ್ಲ. ಕಟ್ಟಿ ಹೇಳುವವರು ಹುಂಜವನ್ನು ಪೂರ್ತಿ ಕೂಗಿಸುತ್ತಾರೆ.

ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು.

"ಅವನ ಮುಖ ನೋಡಿದ್ರಾ ನೀವು?"

"ಬೆನ್ನು ನೋಡಿದೆ. ಆ ಕಂದು ಕೋಟು ನನಗೆ ಗೊತ್ತು. ಬೆನ್ನ ಮೇಲೆ ಬೇಕರಿ ಹೆಸರು ದೊಡ್ಡದಾಗಿ ಹೊಲಿದಿದೆ. ತಲೆಗೆ ಟೋಪಿ."

"ಬೆನ್ನು!" ಬೀಗದವನ ಧ್ವನಿ ಏರಿತು. "ಏಳನೇ ಕ್ಲಾಸಲ್ಲೂ ನೀವು ನನ್ನ ಬೆನ್ನೇ ನೋಡಿದ್ದು ಸಾರ್. ಲ್ಯಾಬಿನ ಬೀಗ ಒಡೆದೋನು ಇವನೇ ಅಂತ ರಿಜಿಸ್ಟರಲ್ಲಿ ಬರೆದು ಹೊರಗೆ ಹಾಕಿದ್ರಿ. ಒಡೆದಿದ್ದ ಬೀಗ ಸರಿ ಮಾಡ್ತಾ ಕೂತಿದ್ದೆ ನಾನು. ಮುಂದೆ ಬಂದು ನೋಡಿದ್ರೆ ಕೈಯಲ್ಲಿ ಸ್ಕ್ರೂ ಕಾಣ್ತಿತ್ತು. ನೀವು ಬರಲಿಲ್ಲ. ಬೆನ್ನು ಸಾಕಾಗಿತ್ತು ನಿಮಗೆ."

ಪೈಪಿನ ನೀರು ಮೇಷ್ಟ್ರ ಚಪ್ಪಲಿಯ ಸುತ್ತ ತುಂಬಿಕೊಳ್ಳುತ್ತಿತ್ತು. ಅವರು ಜೇಬಿನ ಪೆನ್ನನ್ನು ಒಮ್ಮೆ ಮುಟ್ಟಿಕೊಂಡರು.

"ಠಾಣೆಯಲ್ಲಿ ನಾನು ಹೇಳಿದ್ದು ಕೋಟು ಅಂತ," ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಕೋಟು ಅಂದ್ರೆ ದರ್ಜಿ ತಮ್ಮ ತಾನೇ ಸಾರ್ ಅಂದ್ರು ಪೊಲೀಸ್ರು. ಇರಬಹುದು ಅಂದೆ. ಅವರು ಹೆಸರು ಬರೆದ್ರು. ನಾನು ಸಹಿ ಹಾಕಿದೆ."

"ಓದಿ ನೋಡ್ದೆ ಸಹಿ ಹಾಕಿದ್ರಾ?"

ಮೇಷ್ಟ್ರು ನಲ್ಲಿ ನಿಲ್ಲಿಸಲು ಹೋದರು.

ಬೀಗದವನು ಕಿಟಕಿಯ ಹತ್ತಿರ ಹೋಗಿ ಸರಳಿಗೆ ಹಣೆ ಒತ್ತಿದ. ಒಳಗೆ ಬಿಳಿ ಬಟ್ಟೆಯ ಗುಡ್ಡ. ಅಕ್ಕ ತಲೆ ಎತ್ತಲಿಲ್ಲ.

"ಅಕ್ಕ, ಕೋಳಿ ಎಷ್ಟಿದ್ವು?"

"ಒಂಬತ್ತು."

"ಅಡ್ಡಗೋಲಿನ ಕೆಳಗೆ ಹತ್ತು ಗುಪ್ಪೆ ಇದೆ."

ಯಂತ್ರ ಒಂದು ಹೊಲಿಗೆ ತಪ್ಪಿತು. ಮತ್ತೆ ಓಡಿತು. ಓಡುವ ಸದ್ದಿನ ಮರೆಯಲ್ಲೇ ಅಕ್ಕ ಮಾತಾಡಿದಳು.

"ಹತ್ತಿದ್ವು. ಭಾನುವಾರ ಒಂದು ಕೂಗಿಬಿಡ್ತು ಕಣೋ. ಜೀವ ಬಾಯಿಗೆ ಬಂತು. ಯಾರಾದ್ರೂ ಕೇಳಿಸ್ಕೊಂಡ್ರೆ ಹತ್ತನ್ನೂ ಹೊತ್ಕೊಂಡು ಹೋಗ್ತಾರೆ. ಮಂಗಳವಾರ ಬೆಳಿಗ್ಗೆ ನೋಡಿದ್ರೆ ಅದೊಂದೇ ಇಲ್ಲ. ಬಾಗಿಲು ಹಾಕಿದ ಹಾಗೇ ಇದೆ. ಅಷ್ಟರಲ್ಲಿ ಪೊಲೀಸ್ರು ಬಂದು ಹುಂಜ ಎಲ್ಲಿ ಅಂದ್ರು. ಇಲ್ಲ ಅಂದೆ. ಸುಳ್ಳಾ ಅದು? ಇರಲಿಲ್ಲ ತಾನೇ?"

"ಭಾನುವಾರ ಕೂಗಿದ್ದು ಯಾರಿಗೆ ಹೇಳಿದ್ದೆ?"

"ಯಾರಿಗೆ ಹೇಳ್ಲಿ? ಸೋಮವಾರ ಬೆರಳಜ್ಜಿ ಮನೆಗೆ ಹೋಗಿ, ನೀನು ಕೊಟ್ಟಿದ್ರಲ್ಲಿ ಒಂದು ಗಂಡು ಬಂದಿದೆ ಅಜ್ಜಿ ಅಂದೆ. ಸಾಧ್ಯವೇ ಇಲ್ಲ ಅಂತ ನನ್ನನ್ನೇ ಬೈದು ಕಳಿಸಿದ್ಲು."

ಬೀಗದವನು ತಿರುಗಿ ನೋಡಿದ. ಅಜ್ಜಿ ಸ್ಟೂಲಿನ ಮೇಲೆ ಹೆಬ್ಬೆರಳು ಮುಂದೆ ಚಾಚಿ ಕೂತಿದ್ದಳು. ಪೇದೆ ಶಾಯಿಯ ಡಬ್ಬಿ ತೆಗೆಯುತ್ತಿದ್ದ.

ಚಿಲಕ!

ಆ ಚಿಲಕ ಮಾಡಿದ್ದು ಇವನೇ. ಮೂರು ವಾರದ ಹಿಂದೆ. ಮುಂಗುಸಿಯ ಕೈಗೂ ಬಗ್ಗಬಾರದೆಂದು ತಲೆಕೆಳಗಾಗಿ ಕೂರಿಸಿದ್ದ: ಮೇಲೆತ್ತಬೇಕು, ಎಡಕ್ಕೆ ಒತ್ತಬೇಕು. ಕಣ್ಣು ಚೆನ್ನಾಗಿದ್ದ ಪೇದೆಗೆ ಕಾಲು ಗಂಟೆ ಹಿಡಿಯಿತು. ಹನ್ನೆರಡು ವಾರದಿಂದ ಈ ಕಡೆ ತಲೆ ಹಾಕದ, ಪೊರೆಗಣ್ಣಿನ ಮುದುಕಿ ಸೀದಾ ಬಂದು ಒಂದೇ ಏಟಿಗೆ ತೆಗೆದಳು.

"ಸಾರ್, ಒಂದು ನಿಮಿಷ," ಎಂದ. "ಅಜ್ಜಿ, ಒಳಗೊಂದು ಕೋಳಿ ಕುಂಟುತ್ತಿದೆ. ಬಂದು ನೋಡು."

ಗೂಡಿನ ಒಳಗೆ ಇಬ್ಬರೂ ಮಂಡಿಯೂರಿ ಕೂತರೆ ಮೂರನೆಯವರಿಗೆ ಉಸಿರಾಡಲೂ ಜಾಗವಿರಲಿಲ್ಲ. ಬೀಗದವನು ಗರಿಯನ್ನು ತೆಗೆದು ಅವಳ ಅಂಗೈಯಲ್ಲಿಟ್ಟ.

ಅವಳ ಬೆರಳುಗಳು ಗರಿಯ ಬುಡದಿಂದ ತುದಿಗೆ ಹೋದವು. ತುದಿಯಲ್ಲಿ ನಿಂತವು.

"ಎಲ್ಲಿ ಸಿಕ್ಕಿತು?"

"ಹತ್ತನೇ ಜಾಗದಲ್ಲಿ. ಎಲ್ಲಿದೆ ಅದು ಈಗ?"

ದೊರೆ ಅವಳ ಸೆರಗಿನ ಗಂಟನ್ನು ಕುಕ್ಕುತ್ತಿತ್ತು.

"ನನ್ನ ಮನೇಲಿ. ಬುಟ್ಟಿ ಕೆಳಗೆ. ಮೂರು ದಿನದಿಂದ ಕೂಗಿ ಕೂಗಿ ನನ್ನ ಮಾನ ತೆಗೀತಿದೆ ಬೇವಾರ್ಸಿ." ಅವಳು ಗರಿಯ ತುದಿಯನ್ನು ಮತ್ತೆ ಸವರಿದಳು. "ಮರಿಯ ಹಿಂಭಾಗ ಒತ್ತಿ ಒಳಗಿನ ಗುರುತು ನೋಡ್ತಿದ್ವಿ ಕಾರ್ಖಾನೇಲಿ. ಅದಕ್ಕೆ ಕಣ್ಣು ಬೇಕು. ಕಣ್ಣು ಹೋದ ಮೇಲೆ ಬರೀ ರೆಕ್ಕೆ ತುದಿ ಮುಟ್ಟಿ ಹೇಳ್ತಿದ್ದೆ. ಕೆಲವು ಜಾತೀಲಿ ಹೆಣ್ಣಿಗೆ ಒಂದು ಸಾಲು ಗರಿ ಉದ್ದ, ಒಂದು ಗಿಡ್ಡ. ಗಂಡಿಗೆ ಎರಡೂ ಸಮ. ಈ ಸಲದ ಮರಿ ಬೆರಕೆ. ಆ ಲೆಕ್ಕ ನಡೆಯಲ್ಲ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೂ ಬೆರಳು ತಪ್ಪಲ್ಲ ಅಂದ್ಕೊಂಡೆ. ನಲವತ್ತು ವರ್ಷದ ಕೊಬ್ಬು."

"ಅದಕ್ಕೆ ಕದ್ದುಕೊಂಡು ಹೋದ್ಯಾ?"

"ಕದೀಲಿಲ್ಲ, ವಾಪಸ್ ತಗೊಂಡೆ. ನನ್ನ ತಪ್ಪಿಗೆ ಅವಳ ಕೋಳಿ ಎಲ್ಲ ಹೋಗ್ಬೇಕಾ? ಸೋಮವಾರ ಮಧ್ಯಾಹ್ನ ಅವಳು ಅಂಗಡಿಗೆ ಹೋದಾಗ ಬಂದು ಚಿಲಕ ನೋಡ್ಕೊಂಡು ಹೋದೆ. ಮಂಗಳವಾರ ಬೆಳಕು ಹರಿಯೋ ಮುಂಚೆ ಬಂದೆ. ಕತ್ತಲಲ್ಲಿ ನನಗೂ ನಿನಗೂ ಏನು ವ್ಯತ್ಯಾಸ? ಎತ್ತಿ ಚೀಲಕ್ಕೆ ಹಾಕಿ ಚಿಲಕ ಹಾಕಿದ್ದೇ, ಒಳಗಿಂದ ಕೂಗಿಬಿಡ್ತು. ಕೊಕ್ಕು ಅದುಮಿದೆ."

ಅರ್ಧಕ್ಕೆ ಕಟ್ಟಾದ ಕೂಗು. ಮೇಷ್ಟ್ರು ಹೇಳಿದ್ದು ಅಕ್ಷರಕ್ಕಕ್ಷರ ಸರಿ.

"ಹಾಗಾದ್ರೆ ಗೋಡೆ ಹಾರಿದಾಗ ನೀನು ಇಲ್ಲೇ ಇದ್ದೆ."

"ಇದೇ ಗೂಡಿನ ನೆರಳಲ್ಲಿ."

"ಮತ್ತೆ ಬಾಯಿ ಬಿಡ್ಲಿಲ್ಲ ಯಾಕೆ? ಅವನು ಮೂರು ದಿನದಿಂದ ಒಳಗಿದ್ದಾನಲ್ಲ!"

"ಬಾಯಿ ಬಿಟ್ರೆ ಹುಂಜದ ಸುದ್ದಿ ಬರುತ್ತೆ. ನಾನು ಬಂದು ಎಲ್ಲ ಹೇಂಟೆ ಅಂದ್ರೆ ಅವನು ಹೊರಗೆ ಬರ್ತಾನೆ, ನನ್ನ ಬೆರಳಿನ ಹೆಸರೂ ಉಳಿಯುತ್ತೆ. ಒಂದೇ ಹೆಬ್ಬೆಟ್ಟಿಗೆ ಎರಡೂ ಆಗುತ್ತೆ ಅಂದ್ಕೊಂಡೆ." ಅವಳು ಗರಿಯನ್ನು ಮಡಿಚಿದಳು. "ಅವನಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಮಗಾ."

"ಕಣ್ಣೇ ಕಾಣದೋಳಿಗೆ ಹೆಂಗೆ ಗೊತ್ತು?"

"ಮೇಲಿಂದ ಹಾರಿದ್ದು ನನ್ನ ಪಕ್ಕಕ್ಕೇ ಬಿತ್ತು. ಏಳೋಕೆ ನನ್ನ ಮೇಲೇ ಕೈ ಊರಿತು. ನಾನು ಹಿಡ್ಕೊಂಡೆ, ಇಲ್ಲಿ." ಅಜ್ಜಿ ಬೀಗದವನ ಮಣಿಕಟ್ಟನ್ನು ಹಿಡಿದಳು. ಸಾವಿರಾರು ಮರಿಗಳನ್ನು ಹಿಡಿದ ಹಿಡಿತ. ಮೆತ್ತಗೆ, ಆದರೆ ಬಿಡಿಸಿಕೊಳ್ಳಲಾಗದಂತೆ. "ಕೋಟಿನ ತೋಳಿನೊಳಗೆ ಕೈ ಓಡಾಡ್ತಿತ್ತು. ಕೋಟು ಗಂಡಸಿನದು. ಒಳಗಿನ ಮೂಳೆ ಗಂಡಸಿನದಲ್ಲ."

ಬೀಗದವನು ಅವಳ ಹಿಡಿತದಲ್ಲಿದ್ದ ತನ್ನ ಮಣಿಕಟ್ಟನ್ನು ನೋಡಿದ.

"ಹೆಣ್ಣು ಮಗಾ ಅದು."

ಹೊರಗೆ ಪೇದೆ ಕೆಮ್ಮಿದ. "ನಾಲ್ಕೂ ಇಪ್ಪತ್ತಾಯ್ತು! ಹೆಬ್ಬೆಟ್ಟು ಒತ್ತೋದಿದ್ರೆ ಬೇಗ ಬನ್ನಿ, ವ್ಯಾನಿಗೆ ಹೊತ್ತಾಗುತ್ತೆ."

"ಹತ್ತರಲ್ಲಿ ಒಂದು ತಪ್ಪಿದ್ದೀಯ ಅಜ್ಜಿ," ಎಂದ ಬೀಗದವನು ಪಿಸುದನಿಯಲ್ಲಿ. ತಪ್ಪಿರಲಿ ಎಂದು ಅವನಿಗೇ ಆಸೆಯಾಗತೊಡಗಿತ್ತು. ಮೊಳೆಯಲ್ಲಿ ನೇತಾಡುತ್ತಿದ್ದ ಕೋಟು. ಈ ಮನೆಯ ಹಿತ್ತಲ ಬಾಗಿಲು. ಈ ಮನೆಯಲ್ಲಿ ಹೆಂಗಸು ಒಬ್ಬಳೇ. "ಇದೂ ಆ ಹತ್ತನೇದೇ ಆಗಿದ್ರೆ?"

"ಆಗಿರಬಹುದು. ಅದಕ್ಕೇ ಇದನ್ನ ಎಸೀದೆ ಇಟ್ಕೊಂಡಿದ್ದೀನಿ."

ಅವಳು ಸೆರಗಿನ ಗಂಟು ಬಿಚ್ಚಿದಳು. ದೊರೆ ಅಷ್ಟು ಹೊತ್ತಿನಿಂದ ಕುಕ್ಕುತ್ತಿದ್ದದ್ದು ಅದನ್ನೇ. ಒಂದು ಕಂದು ಗುಂಡಿ. ಅದರ ತೂತುಗಳಲ್ಲಿ ಹರಿದ ದಾರದ ಎಳೆ ಇನ್ನೂ ನೇತಾಡುತ್ತಿತ್ತು.

"ಕೊಸರಿಕೊಂಡಾಗ ತೋಳಿನ ತುದಿಯಿಂದ ನನ್ನ ಕೈಗೆ ಬಂತು."

ಬೀಗದವನು ಗೂಡಿನ ಬಾಗಿಲಿಂದ ತಲೆ ಹೊರಗೆ ಹಾಕಿದ. ಗುಂಡಿ ಮುಷ್ಟಿಯೊಳಗಿತ್ತು.

"ಸ್ವಲ್ಪ ಆ ಪಟ್ಟಿ ಮತ್ತೆ ಓದಿ ಸಾರ್. ಕೋಟಿನ ಗುಂಡಿ ಎಷ್ಟು ಅಂದ್ರಿ?"

"ಎಂಟು," ಎಂದ ಪೇದೆ ಹೆಮ್ಮೆಯಿಂದ. "ಮುಂದೆ ಆರು, ತೋಳಿಗೊಂದೊಂದು. ಮಂಗಳವಾರ ಒಂಬತ್ತು ಗಂಟೆಗೆ ನಾನೇ ಎಳೆದು ನೋಡಿದ್ದೀನಿ. ಒಂದೂ ಹೋಗಿಲ್ಲ. ಬಲಗೈದಂತೂ ಈಗ ತಾನೇ ಹೊಲಿದ ಹಾಗಿದೆ, ದಾರ ಹೊಸ ಹೊಳಪು. ಯಾಕೆ?"

ಕಿಟಕಿಯಲ್ಲಿ ಹೊಲಿಗೆ ಯಂತ್ರ ನಿಂತುಹೋಯಿತು.